ಜೇಡನ ಕಥೆ, ನೇಕಾರನ ಕಥೆ

ಜಗತ್ತಿನಲ್ಲಿ ಮೊಟ್ಟಮೊದಲು ಬಟ್ಟೆ ನೇಯ್ದವರು ಯಾರು? ನಮ್ಮ ರಬಕವಿ-ಬನಹಟ್ಟಿ ಕಡೆ ಬಂದು ಈ ಪ್ರಶ್ನೆ ಕೇಳಿ ನೋಡ್ರಿ, ಮೂರು ಓಣಿಯಲ್ಲಿ ಮೂರು ಉತ್ತರ ಸಿಗುತ್ತವೆ. ಮೂರೂ ಓಣಿಯವರು ತಮ್ಮದೇ ಖರೆ ಅಂತಾರೆ. ಜಗಳ ಮಾತ್ರ ಯಾರೂ ಆಡುವುದಿಲ್ಲ. ಒಂದೇ ಅಂಗಡಿಯಲ್ಲಿ ನೂಲು ತರುವವರು, ಒಂದೇ ಸಂತೆಯಲ್ಲಿ ಕಾಯಿಪಲ್ಲೆ ಕೊಳ್ಳುವವರು ಕಥೆಗಾಗಿ ಯಾಕೆ ಜಗಳ ಆಡ್ತಾರ ಹೇಳ್ರಿ?

ದೇವಾಂಗದವರನ್ನು ಕೇಳಿದರೆ ದೇವಲ ಮಹರ್ಷಿಯ ಹೆಸರು ಹೇಳುತ್ತಾರೆ. ಆಗ ದೇವತೆಗಳಿಗೂ ಮೈಮೇಲೆ ಬಟ್ಟೆ ಇರಲಿಲ್ಲವಂತೆ. ಶಿವ ತನ್ನ ಸಂಕಲ್ಪದಿಂದ ದೇವಲನನ್ನು ಹುಟ್ಟಿಸಿ, ಎಲ್ಲರಿಗೂ ಉಡಲು ಕೊಡು ಅಂದ. ನೂಲು ಎಲ್ಲಿಂದ ತರಬೇಕು? ವಿಷ್ಣುವಿನ ಹೊಕ್ಕುಳ ಕಮಲದ ದಂಟಿನಿಂದ ಎಳೆ ತೆಗೆದುಕೊಂಡು ಹೊರಟ. ದಾರಿಯಲ್ಲಿ ರಾಕ್ಷಸರು ಅಡ್ಡ ಹಾಕಿದರು. ಋಷಿ ದೇವಿಯನ್ನು ನೆನೆದ. ಸಿಂಹದ ಮೇಲೆ ಕೂತು ಚೌಡೇಶ್ವರಿ ಬಂದಳು, ರಾಕ್ಷಸರನ್ನು ಕೊಂದಳು. ಅವರ ರಕ್ತ ಐದು ಬಣ್ಣದ್ದಾಗಿತ್ತು: ಕಪ್ಪು, ಬಿಳಿ, ಕೆಂಪು, ಹಸಿರು, ಹಳದಿ. ದೇವಲ ತನ್ನ ನೂಲನ್ನು ಅದರಲ್ಲೇ ಅದ್ದಿದ. ಲೋಕಕ್ಕೆ ಬಣ್ಣದ ಬಟ್ಟೆ ಬಂದದ್ದು ಹಾಗೆ.

ಪದ್ಮಸಾಲಿಯವರನ್ನು ಕೇಳಿದರೆ ಭಾವನಾ ಋಷಿ. ಮಾರ್ಕಂಡೇಯನ ಯಜ್ಞದಿಂದ ಹುಟ್ಟಿದವನು. ತಾವರೆಯ ನಾರಿನಿಂದ ನೇಯ್ದು ದೇವತೆಗಳಿಗೆ ಉಡಿಸಿದ, ಹುಲಿಯನ್ನು ಪಳಗಿಸಿ ಅದರ ಮೇಲೆ ಸವಾರಿ ಮಾಡಿದ. ಸ್ವಕುಳಸಾಲಿಯವರನ್ನು ಕೇಳಿದರೆ ಜಿಹ್ವೇಶ್ವರ. ಹೆಸರೇ ಹೇಳುವಂತೆ, ಶಿವನ ನಾಲಿಗೆಯಿಂದ ಹುಟ್ಟಿದವನು.

ಹೊಕ್ಕುಳು, ಯಜ್ಞಕುಂಡ, ನಾಲಿಗೆ. ಹುಟ್ಟಿದ ಜಾಗ ಬೇರೆ ಬೇರೆ. ಮಗ್ಗ ಮಾತ್ರ ಒಂದೇ.

ಇಷ್ಟು ದಿನ ಇವು ನಮ್ಮೂರ ಕಥೆ ಅಂತ ನನ್ನ ಪಾಡಿಗೆ ನಾನಿದ್ದೆ. ಈ ಸಲ ಬೇಸಿಗೆ ರಜೆಯಲ್ಲಿ ಮೊಮ್ಮಗಳು ಬಂದಿದ್ದಳು. ಅವಳಿಗೆ ಶಾಲೆಯವರು ಪೆಸಿಫಿಕ್ ಸಾಗರದ ದ್ವೀಪಗಳ ಬಗ್ಗೆ ಒಂದು ಪ್ರಾಜೆಕ್ಟ್ ಕೊಟ್ಟಿದ್ದರು. ಅವಳ ಪಾಲಿಗೆ ಬಂದದ್ದು ಮೈಕ್ರೋನೇಷ್ಯಾ. ಭೂಪಟದಲ್ಲಿ ನೋಡಿದರೆ ಯಾರೋ ರಾಗಿ ಕಾಳು ಚೆಲ್ಲಿದಂಗೆ ಕಾಣುತ್ತದೆ. ಪಲಾವು, ಗುವಾಮ್, ಯಾಪ್, ಪೊನ್ಪೈ, ಮಾರ್ಷಲ್ ದ್ವೀಪಗಳು, ಕಿರಿಬಾಸ್, ನೌರು, ಎಲ್ಲ ಸೇರಿ 2000ಕ್ಕೂ ಹೆಚ್ಚು ಪುಟ್ಟ ಪುಟ್ಟ ದ್ವೀಪಗಳು. ಅಲ್ಲಿನ ಜನರ ಹಳೆಯ ಕಥೆಗಳನ್ನು ಅವಳು ಓದಿ ಓದಿ ಹೇಳುತ್ತಿದ್ದಳು, ನಾನು ಅವರೆಕಾಯಿ ಸುಲಿಯುತ್ತಾ ಕೇಳುತ್ತಿದ್ದೆ.

"ಆಯೀ, ಇವ್ರ ಕಥಿಯೊಳಗ ಜಗತ್ತು ಮಾಡಿದಾಂವ ಒಂದು ಜೇಡ ಐತಿ ನೋಡ" ಅಂದಳು.

ಅವರೆಕಾಯಿ ಕೈಯಲ್ಲೇ ಉಳಿಯಿತು.

ಆ ಜೇಡನ ಹೆಸರು ನರಿಯೌ. ಕಿರಿಬಾಸ್ ದ್ವೀಪದವರ ಪ್ರಕಾರ, ಮೊದಲಿಗೆ ಆಕಾಶ ಮತ್ತು ಭೂಮಿ ಒಂದಕ್ಕೊಂದು ಅಂಟಿಕೊಂಡಿದ್ದವು, ನಡುವೆ ಕತ್ತಲೆ. ನರಿಯೌ ಅವೆರಡರ ನಡುವೆ ಸಂದು ಮಾಡಿದ. ಆಮೇಲೆ ರೀಕಿ ಎಂಬ ಹಾವಿನಂಥ ಮೀನು ತನ್ನ ಮೈಯೊಡ್ಡಿ ಆಕಾಶವನ್ನು ಮೇಲಕ್ಕೆ ಎತ್ತಿತು. ನರಿಯೌ ತನ್ನ ತಂದೆಯ ಕಣ್ಣುಗಳಿಂದ ಸೂರ್ಯ ಚಂದ್ರರನ್ನು ಮಾಡಿದ, ಅವನ ಬೆನ್ನೆಲುಬನ್ನು ನೆಟ್ಟಾಗ ಅದು ಮರವಾಯಿತು, ಆ ಮರದಿಂದ ಜನರು ಬಂದರು.

ನಾನು ಬೆರಗಾದದ್ದು ಯಾಕೆ ಗೊತ್ತೇನ್ರಿ? ನಮ್ಮ ಕನ್ನಡದಲ್ಲಿ 'ಜೇಡ' ಅಂದರೆ ಎಂಟು ಕಾಲಿನ ಹುಳವೂ ಹೌದು, ನೇಕಾರನೂ ಹೌದು. ಜೇಡರ ದಾಸಿಮಯ್ಯ ಎಂಬ ಹೆಸರಿನಲ್ಲಿರುವುದು ಇದೇ ಜೇಡ. ಈಗಿನ ಯಾದಗಿರಿ ಜಿಲ್ಲೆಯ ಮುದನೂರಿನವನು, ಬಸವಣ್ಣನಿಗಿಂತ ಮೊದಲೇ ವಚನ ಬರೆದವನು, ನೇಯ್ದು ಬದುಕಿದವನು. ಹುಳವನ್ನೂ ಮನುಷ್ಯನನ್ನೂ ಒಂದೇ ಹೆಸರಿನಿಂದ ಕರೆದ ನಮ್ಮ ಹಿರಿಯರು ಕೀಳು ಮಾಡಲಿಕ್ಕೆ ಹಾಗೆ ಕರೆದರು ಅಂತ ನನಗೆ ಅನ್ನಿಸುವುದಿಲ್ಲ. ತನ್ನ ಹೊಟ್ಟೆಯಿಂದಲೇ ಎಳೆ ತೆಗೆದು, ತಾನೇ ಮನೆ ಕಟ್ಟಿಕೊಳ್ಳುವ ಜೀವಿ ಅದು. ಅಷ್ಟು ದೂರದ ಸಮುದ್ರದ ಜನರು ಅದನ್ನೇ ದೇವರ ಜಾಗದಲ್ಲಿ ಕೂಡ್ರಿಸಿದ್ದಾರೆ.

ಗುವಾಮ್ ದ್ವೀಪದ ಇನ್ನೊಂದು ಕಥೆ ಕೇಳ್ರಿ. ಅದು ಮಗ್ಗದ ಮನೆಯ ಹೆಣ್ಣುಮಕ್ಕಳಿಗೆ ಹೇಳಿ ಮಾಡಿಸಿದಂಗಿದೆ. ಒಂದು ದೊಡ್ಡ ಮೀನು ದ್ವೀಪವನ್ನು ನಡುವಿನಿಂದ ತಿನ್ನತೊಡಗಿತು. ದಿನಾ ಒಂದಿಷ್ಟು ನೆಲ ಮಾಯ. ಗಂಡಸರು ಈಟಿ, ದೋಣಿ ತಗೊಂಡು ಹುಡುಕಿ ಹುಡುಕಿ ಸೋತರು. ಒಂದು ದಿನ ಬುಗ್ಗೆಯ ಹತ್ತಿರ ತಲೆ ತೊಳೆಯುತ್ತಿದ್ದ ಹುಡುಗಿಯರ ಕಣ್ಣಿಗೆ ಆ ಮೀನು ಬಿತ್ತು. ಅವರು ತಮ್ಮ ಉದ್ದನೆಯ ಕೂದಲು ಕತ್ತರಿಸಿ, ಹೆಣೆದು ಬಲೆ ಮಾಡಿ, ಹಾಡು ಹಾಡುತ್ತಾ ಮೀನನ್ನು ಹತ್ತಿರ ಕರೆದು ಹಿಡಿದರು. ದ್ವೀಪ ಉಳಿಯಿತು. ಭೂಪಟದಲ್ಲಿ ಗುವಾಮ್ ನಡುವೆ ಸಣ್ಣ ಸೊಂಟದಂತೆ ಕಾಣುವುದು ಆ ಮೀನು ತಿಂದದ್ದಕ್ಕೇ ಅಂತೆ.

ಅಲ್ಲಿಯ ಯಾಪ್ ಕಡೆಯ ದ್ವೀಪಗಳಲ್ಲಿ ಇವತ್ತಿಗೂ ಹೆಂಗಸರು ಬಾಳೆಯ ನಾರು, ದಾಸವಾಳದ ಜಾತಿಯ ಗಿಡದ ನಾರು ತೆಗೆದು, ಮಗ್ಗದ ಒಂದು ತುದಿಯನ್ನು ಸೊಂಟಕ್ಕೆ ಕಟ್ಟಿಕೊಂಡು ನೇಯುತ್ತಾರಂತೆ. ನಮ್ಮಲ್ಲಿ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುತ್ತಿದ್ದರು. ಅವರಿಗೆ ಸೊಂಟವೇ ಮಗ್ಗದ ಕಂಬ.

ಈ ಕಥೆಗಳ ಉಪಯೋಗ ಏನು ಅಂತ ಕೇಳುವವರು ಇದ್ದಾರೆ. ನಮ್ಮ ಮನೆಯಲ್ಲೇ ಇದ್ದಾರೆ. ನನ್ನ ಮೈದುನನ ಮಗ ಪಾವರ್‌ಲೂಮ್ ನಡೆಸುತ್ತಾನೆ. "ಕಾಕೂ, ಕರೆಂಟ್ ಬಿಲ್ ಬಂದಾಗ ದೇವಲ ಮಹರ್ಷಿ ಬರ್ತಾನೇನು?" ಅಂತ ನಗುತ್ತಾನೆ. ಅವನ ಮಾತು ಸುಳ್ಳಲ್ಲ. ನೂಲಿನ ದರ ಏರುತ್ತದೆ, ಸೀರೆಯ ದರ ಕೂತಲ್ಲೇ ಕೂರುತ್ತದೆ. ಮಕ್ಕಳು ಪುಣೆ, ಇಚಲಕರಂಜಿ, ಬೆಂಗಳೂರು ಅಂತ ಹೋಗುತ್ತಾರೆ. ಮೊದಲು ಓಣಿಯಲ್ಲಿ ನಡೆದರೆ ಮನೆ ಮನೆಯಿಂದ ಲಾಳಿಯ ಸಪ್ಪಳ ಕೇಳುತ್ತಿತ್ತು. ಈಗ ಯಂತ್ರದ ಸಪ್ಪಳ ಇದೆ, ಕೆಲವು ಮನೆಯಲ್ಲಿ ಅದೂ ಇಲ್ಲ.

ಆದರೆ ನಮ್ಮ ಅತ್ತಿಯವರು ಹೇಳುತ್ತಿದ್ದ ಒಂದು ಮಾತು ನನಗೆ ಮರೆಯುವುದಿಲ್ಲ. ದಾಸಿಮಯ್ಯನ ಕಥೆ ನಿಮಗೂ ಗೊತ್ತಿರಬೇಕು. ಬಹಳ ದಿನ ಕಷ್ಟಪಟ್ಟು ಒಂದು ಬಟ್ಟೆ ನೇಯ್ದು ಸಂತೆಗೆ ಒಯ್ದ. ಶಿವನೇ ಜಂಗಮನ ವೇಷದಲ್ಲಿ ಬಂದು ಆ ಬಟ್ಟೆ ಬೇಡಿದ. ಕೊಟ್ಟ ಕೂಡಲೇ ಅವನ ಎದುರಿಗೇ ಹರಿದು ಹಾಕಿದ. ದಾಸಿಮಯ್ಯ ಸಿಟ್ಟಾಗಲಿಲ್ಲ. ಶಿವ ಮೆಚ್ಚಿ ತವನಿಧಿ ಕೊಟ್ಟ, ಎಷ್ಟು ತೆಗೆದರೂ ಮುಗಿಯದ ಅಕ್ಕಿ. ಹೆಂಡತಿ ದುಗ್ಗಳೆ ಅದರಿಂದಲೇ ಬಂದವರಿಗೆಲ್ಲ ಉಣ್ಣಲು ಬಡಿಸಿದಳು.

ಈ ಕಥೆ ಹೇಳಿ ಮುಗಿಸಿ ಅತ್ತಿಯವರು ಅಂತಿದ್ದರು: "ಶಿವ ಹರದ್ರ ತವನಿಧಿ ಕೊಟ್ಟ. ಸಾವಕಾರ ಸೀರಿ ಹಿಡದು ಇಲ್ಲಿ ಎಳಿ ತಪ್ಪೈತಿ, ಅಲ್ಲಿ ಕಲಿ ಐತಿ ಅಂತ ಮಜೂರಿ ಕಡದ್ರ ಅಂವ ಏನ್ ಕೊಡ್ತಾನವಾ?"

ಅವರು ಶಾಲೆ ಕಲಿತವರಲ್ಲ. ಆದರೆ ಕಥೆಯ ಒಳಗಿನ ನೋವು ಅವರಿಗೆ ಗೊತ್ತಿತ್ತು. ಜಗತ್ತಿಗೆಲ್ಲ ಬಟ್ಟೆ ಕೊಟ್ಟವನ ಮೈಮೇಲೆ ಹರಕು ಯಾಕೆ? ಆ ಪ್ರಶ್ನೆಗೆ ಬಾಯಿಬಿಟ್ಟು ಉತ್ತರ ಕೊಡಲಾಗದ ಜನರು ಕಥೆ ಕಟ್ಟಿದರು. ದೇವರೇ ಬೆತ್ತಲೆ ಇದ್ದ, ನಾವು ಉಡಿಸಿದೆವು ಅಂದರು. ಹಾಗೆ ಅಂದುಕೊಂಡ ಮನುಷ್ಯ ಸಾವಕಾರನ ಪಡಸಾಲೆಯಲ್ಲಿ ಕೈಕಟ್ಟಿ ನಿಂತರೂ ಒಳಗೊಳಗೆ ನೆಟ್ಟಗೆ ನಿಂತಿರುತ್ತಾನೆ. ಕಥೆ ಮರೆತುಹೋದರೆ ಅವನು ಬರೀ ಮಜೂರಿಯವನು. ಕಥೆಯ ಉಪಯೋಗ ಇಷ್ಟೇ, ಆದರೆ ಇದು ಸಣ್ಣದಲ್ಲ.

ಯಾರ ಕಥೆ ಉಳಿಯುತ್ತದೆ ಅನ್ನುವುದೂ ಒಂದು ವಿಚಾರ. ಪಕ್ಕದ ಮುಧೋಳವನ್ನೇ ತಗೊಳ್ರಿ. ಅಲ್ಲಿ ಆಳಿದ ಘೋರ್ಪಡೆಯವರ ಮನೆತನಕ್ಕೆ ಆ ಹೆಸರು ಬಂದದ್ದಕ್ಕೆ ಒಂದು ಐತಿಹ್ಯ ಇದೆ. ಬಹಮನಿ ಸುಲ್ತಾನರ ಕಾಲದಲ್ಲಿ ಅವರ ಹಿರಿಯನೊಬ್ಬ ಉಡದ ಸೊಂಟಕ್ಕೆ ಹಗ್ಗ ಕಟ್ಟಿ, ಅದನ್ನು ಗೋಡೆಗೆ ಬಿಟ್ಟು, ಯಾರೂ ಹತ್ತಲಾರದ ಕೋಟೆ ಹತ್ತಿದನಂತೆ. ಮರಾಠಿಯಲ್ಲಿ ಘೋರ್ಪಡ ಅಂದರೆ ಉಡ. ಅರಸರ ಕಥೆಗೆ ಅರಮನೆ ಇತ್ತು, ಮನೆತನದ ಹೆಸರೇ ಅದನ್ನು ಹೊತ್ತು ನಡೆಯಿತು.

ಅದೇ ಮುಧೋಳ ತಾಲ್ಲೂಕಿನ ಹಲಗಲಿಯ ಬೇಡರಿಗೆ ಅರಮನೆ ಇರಲಿಲ್ಲ. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿ ಅಂದಾಗ ಅವರು ಒಪ್ಪಲಿಲ್ಲ. ಸೈನ್ಯ ಬಂದು ಊರಿಗೆ ಬೆಂಕಿ ಇಟ್ಟಿತು, ಹಿಡಿದವರನ್ನು ಗಲ್ಲಿಗೇರಿಸಿತು. ಅವರ ಕಥೆಯನ್ನು ಉಳಿಸಿದ್ದು ಲಾವಣಿ ಹಾಡುವವರ ಗಂಟಲು. ಅದನ್ನು ಕೇಳಿ ಬರೆಸಿ ಮುದ್ರಿಸಿದವನು ಅದೇ ಬ್ರಿಟಿಷ್ ಸರ್ಕಾರದ ಅಧಿಕಾರಿ ಜೆ. ಎಫ್. ಫ್ಲೀಟ್. ಮೈಕ್ರೋನೇಷ್ಯಾದಲ್ಲೂ ಹೀಗೇ ಆಗಿದೆ. ಕಿರಿಬಾಸ್‌ನ ಹಳೆಯ ಕಥೆಗಳನ್ನು ಮುದುಕರ ಬಾಯಿಂದ ಕೇಳಿ ಬರೆದಿಟ್ಟವರಲ್ಲಿ ಆರ್ಥರ್ ಗ್ರಿಂಬಲ್ ಪ್ರಮುಖ. ಅವನು 1914ರಲ್ಲಿ ಬ್ರಿಟಿಷ್ ಅಧಿಕಾರಿಯಾಗಿ ಅಲ್ಲಿಗೆ ಹೋದವನು. ಅವರು ಬರೆದದ್ದು ಒಳ್ಳೆಯದೇ ಆಯಿತು. ಆದರೆ ನಮ್ಮ ಮನೆಯ ಮಾತು ಬರೆದಿಡಲು ಹೊರಗಿನವನು ಬರಬೇಕಾಯಿತಲ್ಲ ಅಂತ ಮನಸ್ಸಿಗೆ ಚುಚ್ಚುತ್ತದೆ.

ಇನ್ನೊಂದು ಕಥೆ. ಪೊನ್ಪೈ ದ್ವೀಪದ ದಂಡೆಯಲ್ಲಿ ನಾನ್ ಮಡೋಲ್ ಎಂಬ ಹಾಳು ಪಟ್ಟಣ ಇದೆ. ಸಮುದ್ರದ ನೀರಿನ ಮೇಲೆ ಮನುಷ್ಯರೇ ಕಟ್ಟಿದ ಸುಮಾರು 100 ಸಣ್ಣ ಸಣ್ಣ ನಡುಗಡ್ಡೆಗಳು. ಮರದ ದಿಮ್ಮಿ ಅಡ್ಡಡ್ಡ ಇಟ್ಟಂತೆ ದೊಡ್ಡ ದೊಡ್ಡ ಕಪ್ಪು ಕಲ್ಲಿನ ಕಂಬಗಳನ್ನು ಪೇರಿಸಿದ್ದಾರೆ. 2016ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಷ್ಟು ಭಾರದ ಕಲ್ಲು ಹೇಗೆ ಬಂದವು? ಒಲಿಸಿಪ, ಒಲೊಸೊಪ ಎಂಬ ಅಣ್ಣತಮ್ಮಂದಿರು ಮಂತ್ರ ಹಾಕಿ ಕಲ್ಲುಗಳನ್ನು ಗಾಳಿಯಲ್ಲಿ ಹಾರಿಸಿ ತಂದರು ಅನ್ನುತ್ತಾರೆ ಅಲ್ಲಿಯ ಜನ.

ಮೊಮ್ಮಗಳು ನಕ್ಕಳು. ನಾನು ನಗಲಿಲ್ಲ. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣಾ ನದಿಗೆ ರೈತರೇ ಬ್ಯಾರೇಜ್ ಕಟ್ಟಿದ ಕಾಲದವಳು ನಾನು. ಸರ್ಕಾರದ ದಾರಿ ಕಾಯದೆ, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಊರೂರಿನವರು ರೊಕ್ಕ ಕೂಡಿಸಿ, ಬುತ್ತಿ ಕಟ್ಟಿಕೊಂಡು ಹೋಗಿ ಕಲ್ಲು ಮಣ್ಣು ಹೊತ್ತರು. 1989ರಲ್ಲಿ ಅದು ಮುಗಿಯಿತು. ಶ್ರಮಬಿಂದು ಸಾಗರ ಅಂತ ಹೆಸರಾಯಿತು, ನ್ಯಾಮಗೌಡರು 'ಬ್ಯಾರೇಜ್ ಸಿದ್ದು' ಆದರು. ಇನ್ನು ಐದುನೂರು ವರ್ಷ ಕಳೆಯಲಿ, ಲೆಕ್ಕಪತ್ರ ಎಲ್ಲ ಮಣ್ಣಾಗಲಿ. ಆಗ ಹುಟ್ಟಿದ ಮಕ್ಕಳಿಗೆ ಸಿದ್ದು ಅನ್ನುವ ಪುಣ್ಯಾತ್ಮ ಒಂದೇ ರಾತ್ರಿಯಲ್ಲಿ ಕೈಸನ್ನೆ ಮಾಡಿ ಹೊಳೆ ನಿಲ್ಲಿಸಿದ ಅಂತ ಯಾರಾದರೂ ಅಜ್ಜಿ ಹೇಳುವುದಿಲ್ಲ ಅಂತೀರಾ? ಕಲ್ಲು ಹಾರಲಿಲ್ಲ, ಖರೆ. ಬಹಳ ಜನ ಕೂಡಿ ಎತ್ತಿದಾಗ ಕಲ್ಲು ಹಗುರ ಆಗಿದ್ದಂತೂ ಖರೆ. ಅದನ್ನು ನೋಡಿದವರು ಹಾರಿತು ಅಂದಿದ್ದರೂ ತಪ್ಪೇನಿಲ್ಲ.

ಅದೇ ಕೃಷ್ಣೆ ಬೀಳಗಿ ಕಡೆ ಬೇರೆ ಕಥೆ ಮಾಡಿದ್ದಾಳೆ. ಬೀಳಗಿ ತಾಲ್ಲೂಕಿನ ಒಂದು ಬದಿಗೆ ಕೃಷ್ಣೆ, ಇನ್ನೊಂದು ಬದಿಗೆ ಘಟಪ್ರಭೆ. ಆಲಮಟ್ಟಿ ಆಣೆಕಟ್ಟಿನ ಹಿನ್ನೀರು 519.60 ಮೀಟರ್ ಮಟ್ಟಕ್ಕೆ ನಿಂತಾಗ ಎಷ್ಟೋ ಹಳ್ಳಿಗಳು ಎದ್ದು ಹೊರಟವು. ಅದನ್ನು 524.256 ಮೀಟರ್‌ಗೆ ಏರಿಸಬಹುದು ಅಂತ ನ್ಯಾಯಾಧಿಕರಣ 2010ರಲ್ಲೇ ತೀರ್ಪು ಕೊಟ್ಟಿದೆ. ನೀರು ಬೇಕು, ಅದರಲ್ಲಿ ಎರಡು ಮಾತಿಲ್ಲ. ನಾವೂ ಅದೇ ನೀರು ಕುಡಿಯುವವರು. ಆದರೆ ಅಳತೆಯ ಪಟ್ಟಿಗೆ ಮನೆ, ಹೊಲ, ಬಾವಿ, ಗಿಡ ಎಲ್ಲ ಸಿಗುತ್ತವೆ, ಕಥೆ ಸಿಗುವುದಿಲ್ಲ.

ನಮ್ಮ ದೊಡ್ಡವ್ವನ ಊರು ಹಾಗೆ ಹೋದದ್ದು. ಅಲ್ಲಿ ಹೊಳೆಯ ದಂಡೆಗೆ ಒಬ್ಬ ಹನುಮಪ್ಪ ಇದ್ದ. ಹೊಳೆ ಎಷ್ಟೇ ಬರಲಿ, ಅವನ ಪಾದ ಮುಟ್ಟಿ ಹಿಂದಕ್ಕೆ ಸರಿಯುತ್ತದೆ, ಊರೊಳಗೆ ಬರುವುದಿಲ್ಲ ಅನ್ನುವುದು ಊರಿನ ನಂಬಿಕೆ. ಊರು ಎತ್ತಂಗಡಿ ಆದಾಗ ಹನುಮಪ್ಪನನ್ನೂ ಟ್ರ್ಯಾಕ್ಟರಿನಲ್ಲಿ ಕೂಡ್ರಿಸಿಕೊಂಡು ಬಂದು ಹೊಸ ಜಾಗದಲ್ಲಿ ಗುಡಿ ಕಟ್ಟಿದರು. ಗುಡಿ ಮೊದಲಿಗಿಂತ ದೊಡ್ಡದಾಗಿದೆ, ಟೈಲ್ಸ್ ಹಾಕಿದ್ದಾರೆ. ಆದರೆ ಅವನ ಮುಂದೆ ಹೊಳೆ ಇಲ್ಲ, ಡಾಂಬರು ರಸ್ತೆ ಇದೆ. ದೊಡ್ಡವ್ವ ಮೊಮ್ಮಕ್ಕಳಿಗೆ ಆ ಹಳೆಯ ಕಥೆ ಹೇಳಲು ಹೋದರೆ ಅವು, "ಹೊಳಿ ಎಲ್ಲೈತಿ ಅಮ್ಮಾ?" ಅಂತ ಕೇಳುತ್ತಿದ್ದವಂತೆ. "ಅಂವ ಹೊಳಿ ತಡಿಯಾಂವ ಅಂತ ಹೆಂಗ ಹೇಳ್ಲೆವಾ, ಹೊಳೀನ ಅವನ್ನ ಎಬ್ಬಿಸಿ ಕಳಿಸೈತಿ" ಅಂತ ಒಂದು ಸಲ ನನ್ನ ಮುಂದೆ ಅಂದಳು. ಆಮೇಲೆ ಆ ಕಥೆ ಹೇಳುವುದನ್ನೇ ಬಿಟ್ಟಳು. ತೀರಿಕೊಳ್ಳುವವರೆಗೂ ಮತ್ತೆ ಹೇಳಲಿಲ್ಲ.

ಕಿರಿಬಾಸ್‌ನವರ ಕಷ್ಟ ಇದಕ್ಕಿಂತ ದೊಡ್ಡದು. ಅವರ ನೆಲದ ಬಹುಭಾಗ ಸಮುದ್ರ ಮಟ್ಟದಿಂದ ಎರಡು ಮೂರು ಮೀಟರ್ ಎತ್ತರವೂ ಇಲ್ಲ. ಸಮುದ್ರ ಏರುತ್ತಿದೆ. 2014ರಲ್ಲಿ ಆ ದೇಶದ ಸರ್ಕಾರ ಎರಡು ಸಾವಿರ ಕಿಲೋಮೀಟರ್ ಆಚೆಯ ಫಿಜಿ ದೇಶದಲ್ಲಿ ಭೂಮಿ ಕೊಂಡಿತು. ಮುಂದೊಂದು ದಿನ ಬೇಕಾದೀತು ಅಂತ. ಒಂದು ದೇಶವೇ ಪುನರ್ವಸತಿಯ ವಿಚಾರ ಮಾಡುವುದು ಅಂದರೆ ನಮಗೆ ಊಹಿಸಲಿಕ್ಕೆ ಕಷ್ಟ. ಬೀಳಗಿಯ ಹಿನ್ನೀರಿನ ದಂಡೆಯವರಿಗೆ ಮಾತ್ರ ಒಂದು ಮಾತಿನಲ್ಲಿ ತಿಳಿಯುತ್ತದೆ.

ಆಕಾಶವನ್ನು ಭೂಮಿಯಿಂದ ಬಿಡಿಸಿದ ಜೇಡ, ಆ ಭೂಮಿಯೇ ನೀರಿನ ಕೆಳಗೆ ಹೋದರೆ ಎಲ್ಲಿ ಕೂರಬೇಕು? ಅದಕ್ಕೂ ಒಂದು ಟ್ರ್ಯಾಕ್ಟರ್ ಬೇಕಲ್ಲ. ಆ ಟ್ರ್ಯಾಕ್ಟರ್ ಅಂದರೆ ಹೇಳುವ ಬಾಯಿ, ಕೇಳುವ ಕಿವಿ. ದೊಡ್ಡವ್ವನ ಊರಿನಲ್ಲಿ ಮೂರ್ತಿಯನ್ನು ಹೊರಲು ಹತ್ತು ಜನ ಬಂದರು. ಕಥೆಯನ್ನು ಹೊರಲು ಬಂದವರು ಯಾರೂ ಇರಲಿಲ್ಲ.

ನನಗೆ ಅನ್ನಿಸುವುದು ಇಷ್ಟು. ಕಥೆಯನ್ನು ಹಳೆಯದು ಹೇಗಿತ್ತೋ ಹಾಗೇ ಇಡಬೇಕು ಅಂತೇನಿಲ್ಲ. ಹಿಂದಿನವರೂ ಹಾಗೆ ಇಟ್ಟಿಲ್ಲ. ಗುವಾಮ್‌ಗೆ ಕ್ರೈಸ್ತ ಧರ್ಮ ಬಂದ ಮೇಲೆ ಆ ಮೀನಿನ ಕಥೆಯಲ್ಲಿ ಕೆಲವರು ಮೇರಿ ಮಾತೆಯನ್ನೂ ಸೇರಿಸಿದ್ದಾರೆ, ಕೂದಲಿನ ಬಲೆ ಹಾಗೇ ಉಳಿದಿದೆ. ಹನುಮಪ್ಪನ ಕಥೆಗೂ ಒಂದು ಎಳೆ ಸೇರಿಸಬಹುದಿತ್ತು. ಹೊಳೆ ತಡೆದು ತಡೆದು ಸಾಕಾಗಿ, ಊರಿನ ಜನರನ್ನು ಒಬ್ಬರೂ ಮುಳುಗದಂತೆ ಎಬ್ಬಿಸಿಕೊಂಡು ದಿಬ್ಬಕ್ಕೆ ತಂದು ಬಿಟ್ಟ ಅಂತ ಹೇಳಬಹುದಿತ್ತು. ಹಾಸಿನ ಎಳೆ ಹರಿದರೆ ನೇಕಾರ ಮಗ್ಗ ಬಿಟ್ಟು ಏಳುವುದಿಲ್ಲ, ಎರಡು ತುದಿ ಹಿಡಿದು ಗಂಟು ಹಾಕಿ ಮುಂದೆ ನೇಯುತ್ತಾನೆ. ಗಂಟು ಕೈಗೆ ತಾಗುತ್ತದೆ, ಸೀರೆ ಮಾತ್ರ ಆಗುತ್ತದೆ.

ಈ ಸಲ ಓದುಗರಿಗೆ ಒಂದು ಕೆಲಸ ಹಚ್ಚುತ್ತೇನೆ, ಬೇಜಾರಾಗಬೇಡ್ರಿ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಎಪ್ಪತ್ತು ದಾಟಿದವರು ಇದ್ದರೆ ಒಂದು ಸಂಜೆ ಅವರ ಹತ್ತಿರ ಕೂಡ್ರಿ. ಚಹಾ ಮಾಡಿ ಕೊಡ್ರಿ. ನಮ್ಮ ಊರು ಹುಟ್ಟಿದ್ದು ಹೆಂಗ, ನಮ್ಮ ದೇವರು ಇಲ್ಲಿಗೆ ಬಂದದ್ದು ಹೆಂಗ, ನಮ್ಮ ಕಸುಬು ಯಾರು ಕೊಟ್ಟರು ಅಂತ ಕೇಳ್ರಿ. ನಿಮಗೆ ಯಾರು ಹೇಳಿದ್ದು, ಯಾವ ಹಬ್ಬಕ್ಕೆ, ಯಾವ ಕೆಲಸ ಮಾಡುವಾಗ ಹೇಳುತ್ತಿದ್ದರು ಅಂತಲೂ ಕೇಳ್ರಿ. ಮೊಬೈಲ್ ಹಚ್ಚಿ ಇಟ್ಟರೆ ಸಾಕು, ಬರೆಯುವ ಕಷ್ಟವಿಲ್ಲ. ನಡುವೆ "ಅದು ಹಂಗಲ್ಲ" ಅಂತ ತಿದ್ದಲು ಹೋಗಬೇಡ್ರಿ. ಇಬ್ಬರು ಎರಡು ಥರ ಹೇಳಿದರೆ ಎರಡನ್ನೂ ಇಟ್ಟುಕೊಳ್ರಿ. ಮೂರು ಓಣಿಗೆ ಮೂರು ಕಥೆ ಇಟ್ಟುಕೊಂಡೇ ನಾವು ಇಷ್ಟು ದಿನ ಚೆನ್ನಾಗಿ ಬಾಳಿದ್ದೇವೆ.

ಮೈದುನನ ಮಗ ಕರೆಂಟ್ ಬಿಲ್ ಅಂತ ನಕ್ಕನಲ್ಲ, ಮೊನ್ನೆ ಅವನ ಮಗಳು ಬಂದು ಚೌಡೇಶ್ವರಿಯ ಸಿಂಹದ ಚಿತ್ರ ತೆಗೆದುಕೊಡು ಅಂತ ಅವನ ಬೆನ್ನು ಹತ್ತಿದ್ದಳು. ರಾಕ್ಷಸರಿಗೆ ಯಾವ ಯಾವ ಬಣ್ಣ ಹಚ್ಚಬೇಕು ಅಂತ ಅವನು ನನ್ನ ಹತ್ತಿರ ಕೇಳಿಕೊಂಡು ಬಂದ. ಐದೂ ಬಣ್ಣ ಹೇಳಿ ಕಳಿಸಿದ್ದೇನೆ.